ಕರು ಹಾಕಿದ ಹಸುವಿಗೆ ಕೊಬ್ಬು: ಎಷ್ಟು, ಯಾವಾಗ, ಯಾವುದಕ್ಕೆ ಬೇಡ

ನಮ್ಮ ಗೌರಿ ಮೂರನೆಯ ಕರು ಹಾಕಿ 140 ದಿನವಾದರೂ ಬೆದೆಗೆ ಬಂದಿರಲಿಲ್ಲ. ಗೌರಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಆಗ ಎರಡು ಹೊತ್ತು ಸೇರಿ 14 ಲೀಟರ್ ಹಾಲು ಕೊಡುತ್ತಿತ್ತು. ಹಾಲು ನೋಡಿ ನಾವು ಹಿಗ್ಗುತ್ತಿದ್ದೆವೇ ಹೊರತು ಅದರ ಬೆನ್ನು ನೋಡಿರಲಿಲ್ಲ. ನಮ್ಮದು ತಿಪಟೂರು ಸೀಮೆ. ಇಲ್ಲಿ ತಲೆನೋವಿಗೂ ಸುಟ್ಟ ಗಾಯಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು, ಹಸುವಿಗೆ ಮಾತ್ರ ಬೇರೆ ಇರುತ್ತದೆಯೇ? ಅತ್ತೆ ಹೇಳಿದರು: "ಮೈಯಲ್ಲಿ ಜಿಡ್ಡು ಇಲ್ಲ, ಅದಕ್ಕೇ ಬೆದೆ ಇಲ್ಲ. ಎಣ್ಣೆ ಕುಡಿಸು." ಗಾಣಕ್ಕೆ ಹಾಕಿಸಿದ ಎಣ್ಣೆಯ ತಳದಲ್ಲಿ ಗಸಿ ನಿಂತಿತ್ತು. ದಿನಕ್ಕೆ ಅರ್ಧ ಲೀಟರಿನಂತೆ ನಾಲ್ಕು ದಿನ ಬೂಸಾದಲ್ಲಿ ಕಲಸಿ ಕೊಟ್ಟೆ.

ಮೂರನೆಯ ದಿನವೇ ಸಗಣಿ ದೋಸೆ ಹಿಟ್ಟಿನಂತೆ ನೀರಾಯಿತು, ಮೇಲೆ ಎಣ್ಣೆಯ ಮಿನುಗು. ಕಾಲಿನಿಂದ ಕೆದಕಿ ನೋಡಿದರೆ ರಾಗಿ ಹುಲ್ಲಿನ ಚೂರುಗಳು ಹೇಗೆ ಒಳಗೆ ಹೋಗಿದ್ದವೋ ಹಾಗೆಯೇ ಹೊರಗೆ ಬಂದಿದ್ದವು. ನಾಲ್ಕನೆಯ ದಿನ ಮಧ್ಯಾಹ್ನ ಗೌರಿ ಮಲಗಿತ್ತು, ಬಾಯಿ ಆಡುತ್ತಿರಲಿಲ್ಲ. ಮೆಲುಕು ಹಾಕದೆ ಮಲಗಿದ ಹಸುವನ್ನು ನೋಡಿದರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುತ್ತದೆ. ಹಾಲು 14ರಿಂದ 8ಕ್ಕೆ ಇಳಿಯಿತು. ಡೈರಿಯಲ್ಲಿ ಫ್ಯಾಟ್ ಕೂಡ ಇಳಿಯಿತು. ಎಣ್ಣೆ ಕುಡಿದ ಹಸುವಿನ ಹಾಲಿನಲ್ಲಿ ಜಿಡ್ಡು ಕಡಿಮೆ!

ಬಂದ ಪಶುವೈದ್ಯರು ಮೊದಲು ನನ್ನನ್ನು ಬೈಯಲಿಲ್ಲ, ಹಸುವಿನ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಬೈದರು. ಅವರು ಅಂದು ಹೇಳಿದ್ದು, ಆಮೇಲೆ ಆರು ವರ್ಷ ಕೊಟ್ಟಿಗೆಯಲ್ಲಿ ನಾನು ಮಾಡಿ ನೋಡಿದ್ದು ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೊಬ್ಬು ಗಬ್ಬ ಕಟ್ಟಿಸುವ ಔಷಧಿಯಲ್ಲ. ಹಾಲು ಕರೆದು ಹಸುವಿನ ಮೈಯಲ್ಲಿ ನಾವು ತೋಡಿದ ಗುಂಡಿಗೆ ಹಾಕುವ ಮಣ್ಣು ಅದು. ಗುಂಡಿ ಎಲ್ಲಿದೆ, ಎಷ್ಟು ಆಳ ಎಂದು ತಿಳಿಯದೆ ಮಣ್ಣು ಸುರಿದರೆ ನನಗಾದದ್ದೇ ಆಗುತ್ತದೆ.

ಗುಂಡಿ ಹೇಗೆ ಬೀಳುತ್ತದೆ

ಹಸು ಕರು ಹಾಕಿದ ಆರರಿಂದ ಎಂಟು ವಾರದೊಳಗೆ ಹಾಲು ಏರಬೇಕಾದಷ್ಟು ಏರಿಬಿಡುತ್ತದೆ. ಆದರೆ ಅದರ ಮೇವು ತಿನ್ನುವ ಶಕ್ತಿ ಪೂರ್ತಿ ಬರುವುದು ಹತ್ತು ಹನ್ನೆರಡು ವಾರಕ್ಕೆ. ನಡುವಿನ ಆ ದಿನಗಳಲ್ಲಿ ಆದಾಯಕ್ಕಿಂತ ಖರ್ಚು ಹೆಚ್ಚು. 14 ಲೀಟರ್ ಹಾಲಿಗೆ ನೂರಕ್ಕೆ ನಾಲ್ಕರಂತೆ ಫ್ಯಾಟ್ ಹಿಡಿದರೂ ದಿನಕ್ಕೆ ಅರ್ಧ ಕಿಲೋ ದಾಟಿ ಕೊಬ್ಬು ಕ್ಯಾನಿನಲ್ಲಿ ಡೈರಿಗೆ ಹೋಗುತ್ತದೆ. ಅದರಲ್ಲಿ ಒಂದು ಪಾಲನ್ನು ಹಸು ತನ್ನ ಬೆನ್ನಿನಿಂದ ಕರಗಿಸಿ ಕೊಡುತ್ತದೆ. ಹಾಗೆ ಕರಗುತ್ತಿರುವಷ್ಟು ಕಾಲ ಅದರ ಮೈಗೆ ಇನ್ನೊಂದು ಕರುವಿನ ಯೋಚನೆ ಬರುವುದಿಲ್ಲ. ರಕ್ತದಲ್ಲಿ ಸಕ್ಕರೆ ಮತ್ತು ಇನ್ಸುಲಿನ್ ಕಡಿಮೆ ಇರುತ್ತದೆ, ಅಂಡಾಶಯಕ್ಕೆ ಮೆದುಳಿನಿಂದ ಬರಬೇಕಾದ ಕರೆ ಬರುವುದಿಲ್ಲ. ಅಂಡವಿರುವ ಗುಳ್ಳೆ ಬೆಳೆದರೂ ಒಡೆಯದೆ ಬತ್ತಿಹೋಗುತ್ತದೆ.

ನಮಗೋ ವರ್ಷಕ್ಕೊಂದು ಕರು ಬೇಕು. ಗಬ್ಬದ ಅವಧಿ ಸುಮಾರು 280 ದಿನ. 365ರಲ್ಲಿ ಅದನ್ನು ಕಳೆದರೆ ಉಳಿಯುವುದು 85. ಅಷ್ಟರಲ್ಲಿ ಗರ್ಭಕೋಶ ಹಳೆಯ ಸ್ಥಿತಿಗೆ ಮರಳಬೇಕು, ಬೆದೆ ಬರಬೇಕು, ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಬೇಕು, ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ 21 ದಿನ ಕೈಬಿಟ್ಟು ಹೋಯಿತು.

ಕೈಯಿಂದ ನೋಡಿ, ಕಣ್ಣಿನಿಂದಲ್ಲ

ಹಸು ಸೊರಗಿದೆಯೋ ಇಲ್ಲವೋ ಎಂದು ದಿನವೂ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬ ಹುಲ್ಲು ತಿಂದ ಹಸು ದಪ್ಪಗೇ ಕಾಣುತ್ತದೆ. ಕೈಯಿಂದ ನೋಡುವ ಬಗೆ ಹೀಗೆ. ಹಸುವಿನ ಎಡಗಡೆ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಬೆನ್ನಿನ ಅಂಚಿಗೆ ಕೈ ಇಡಿ. ಅಲ್ಲಿ ಅಡ್ಡಕ್ಕೆ ಚಾಚಿದ ಚಿಕ್ಕ ಎಲುಬುಗಳ ತುದಿ ಹೆಬ್ಬೆರಳಿಗೆ ಸಿಗುತ್ತದೆ. ಈಗ ಇನ್ನೊಂದು ಕೈಯನ್ನು ಮುಷ್ಟಿ ಮಾಡಿ ಅದರ ಗೆಣ್ಣುಗಳ ಮೇಲೆ ಬೆರಳಾಡಿಸಿ. ಹಸುವಿನ ಎಲುಬು ಹಾಗೆ ಚುಚ್ಚುತ್ತಿದ್ದರೆ ಅದು ಬಡಕಲು. ಮುಷ್ಟಿ ಬಿಚ್ಚಿ ಅಂಗೈ ಚಾಚಿ, ಬೆರಳುಗಳ ಹಿಂಬದಿ ಸವರಿ: ಮೂಳೆ ಇದೆ ಎಂದು ಗೊತ್ತಾಗುತ್ತದೆ, ಆದರೆ ಮೇಲೆ ಒಂದು ಹೊದಿಕೆ ಇದೆ. ಹೀಗಿದ್ದರೆ ಸರಿ. ಕೈ ತಿರುಗಿಸಿ ಹೆಬ್ಬೆರಳಿನ ಬುಡದ ಮಾಂಸ ಒತ್ತಿದಂತೆ ಮೆತ್ತಗಿದ್ದರೆ ಹಸು ಮಿತಿಮೀರಿ ಕೊಬ್ಬಿದೆ. ಬಾಲದ ಬುಡದ ಎರಡೂ ಪಕ್ಕ ಹಳ್ಳ ಬಿದ್ದಿದೆಯೇ ಎಂದೂ ನೋಡಿ. ಸಾರು ಹಾಕಿಕೊಳ್ಳುವಷ್ಟು ಗುಳಿ ಇದ್ದರೆ ಬಡಕಲು.

ವೈದ್ಯರು ಇದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಕರು ಹಾಕುವ ದಿನ ಹಾಲಿನ ಹಸು 3ರಿಂದ 3.5ರಲ್ಲಿ ಇರಬೇಕು. ಆಮೇಲೆ ಅರ್ಧ ಅಂಕ ಇಳಿಯುವುದು ಸಹಜ. ಒಂದು ಅಂಕ ದಾಟಿ ಇಳಿದರೆ ಬೆದೆ ತಡವಾಗುತ್ತದೆ, ಬಂದರೂ ನಿಲ್ಲುವುದು ಕಷ್ಟ. ಅಂದು ವೈದ್ಯರು ಗೌರಿಗೆ 2 ಎಂದರು. ಪರೀಕ್ಷೆಯಲ್ಲಿ ನಾನೇ ಫೇಲಾದಂತೆ ಆಯಿತು.

ನಾನು ಹದಿನೈದು ದಿನಕ್ಕೊಮ್ಮೆ, ಹುಣ್ಣಿಮೆ ಅಮಾವಾಸ್ಯೆಗಳಂದು, ಎಲ್ಲ ಹಸುಗಳ ಬೆನ್ನು ಮುಟ್ಟಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಗ್ಯಾಸ್ ಬಂದ ದಿನ, ಹಾಲಿನ ಬಟವಾಡೆ, ಗೌರಿ 2.5. ಯಾರಾದರೂ ನೆಂಟರು ನೋಡಿದರೆ ಇದೇನು ಲೆಕ್ಕ ಎಂದು ಕೇಳುತ್ತಾರೆ.

ಕರು ಹಾಕುವುದಕ್ಕೆ ಮುಂಚಿನ ಕೆಲಸ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕರು ಹಾಕಿ ಬೆನ್ನು ಕರಗಿದ ಮೇಲೆ ತುಂಬಿಸುವುದು ಬಲು ಕಷ್ಟ, ಏಕೆಂದರೆ ತಿನ್ನಿಸಿದ್ದೆಲ್ಲ ಹಾಲಿಗೇ ಹೋಗುತ್ತದೆ. ಮೈ ಸರಿಮಾಡುವ ಹೊತ್ತು ಹಿಂದಿನ ಹಾಲಿನ ಕೊನೆಯ ಮೂರು ತಿಂಗಳು. ಹಸು ಆಗ ಐದಾರು ಲೀಟರಿಗೆ ಇಳಿದಿರುತ್ತದೆ. ಹಾಲು ಇಳಿಯಿತೆಂದು ನಾವು ಹಿಂಡಿಯನ್ನೂ ಇಳಿಸಿಬಿಡುತ್ತೇವೆ. ಬಡಕಲು ಹಸುವಿಗೆ ಹಾಗೆ ಮಾಡಬೇಡಿ. ಹಾಲಿನ ಲೆಕ್ಕಕ್ಕಿಂತ ಒಂದು ಕಿಲೋ ಹೆಚ್ಚಿಗೆ ಹಾಕಿ.

ಕರು ಹಾಕುವ 60 ದಿನ ಮುಂಚೆ ಹಾಲು ಬಿಡಿಸಿ. ಈ ಎರಡು ತಿಂಗಳಲ್ಲಿ ಹಸುವನ್ನು ಕೊಬ್ಬಿಸಲು ಹೋಗಬಾರದು. 4 ದಾಟಿದ ಹಸು ಕರು ಹಾಕಿದ ಮೇಲೆ ಮೇವನ್ನೇ ಮೂಸುವುದಿಲ್ಲ. ಮೈಯ ಕೊಬ್ಬು ಒಮ್ಮೆಲೇ ಕರಗಿ ಪಿತ್ತಜನಕಾಂಗಕ್ಕೆ ತುಂಬಿಕೊಂಡು ಕೀಟೋಸಿಸ್ ಎಂಬ ಕಾಯಿಲೆ ಬರುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು "ಗಬ್ಬದ ಹಸು, ಚೆನ್ನಾಗಿ ತಿನ್ನಲಿ" ಎಂದು ಮುಸುಕಿನ ಜೋಳದ ನುಚ್ಚು ಬೇಯಿಸಿ ಬೇಯಿಸಿ ಹಾಕಿ ಆನೆಯಂತೆ ಬೆಳೆಸಿದ್ದರು. ಅದು ಕರು ಹಾಕಿ ಹತ್ತು ದಿನಕ್ಕೆ ಬಡಕಲು ಹಸುವಿಗಿಂತ ಬಡಕಲಾಯಿತು.

ಕೊನೆಯ ಎರಡು ಮೂರು ವಾರ ಹಸುವಿನ ಹೊಟ್ಟೆಯಲ್ಲಿ ಕರು ಜಾಗ ಹಿಡಿದಿರುತ್ತದೆ, ಮೇವು ಕಡಿಮೆ ತಿನ್ನುತ್ತದೆ. ಆಗ ದಿನಕ್ಕೆ ಒಂದು ಕಿಲೋ ಪಶು ಆಹಾರದಿಂದ ಶುರುಮಾಡಿ ಎರಡೂವರೆ ಕಿಲೋಗೆ ಏರಿಸುತ್ತೇನೆ. ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳಿಗೆ ಮುಂದಿನ ಊಟದ ರೂಢಿಯಾಗಲಿ ಎಂದು.

ದೊಡ್ಡ ಹೊಟ್ಟೆಯಲ್ಲಿ ಕರಗದೆ ಮುಂದಕ್ಕೆ ಹೋಗುವಂತೆ ತಯಾರಿಸಿದ ಕೊಬ್ಬು, ಅಂದರೆ ಬೈಪಾಸ್ ಫ್ಯಾಟನ್ನು, ಕರು ಹಾಕುವ ಹತ್ತು ದಿನ ಮುಂಚೆ, ದಿನಕ್ಕೆ 50 ಗ್ರಾಂ ಮಾತ್ರ, ರುಚಿ ಹಿಡಿಸಲು ಕೊಡುತ್ತೇನೆ. ಇದು ತಮಾಷೆಯ ಮಾತಲ್ಲ. ಮೊದಲ ಸಲ ಬಾನಿಗೆ ಹಾಕಿದಾಗ ಗೌರಿ ಮೂಸಿ, ಮೂಗಿನಿಂದ ಪುಸ್ಸೆಂದು ಊದಿ, ಬೂಸಾವನ್ನೆಲ್ಲ ನನ್ನ ಸೀರೆಗೆ ಎರಚಿತು. ಅದರ ವಾಸನೆ ಬಟ್ಟೆ ಸೋಪಿನ ಹಾಗೆ. ಇರಲೇಬೇಕು, ಏಕೆಂದರೆ ಅದು ಒಂದು ಬಗೆಯ ಸೋಪೇ. ತಾಳೆ ಎಣ್ಣೆಯ ಕೊಬ್ಬಿನಾಮ್ಲಕ್ಕೆ ಸುಣ್ಣದ ಅಂಶ ಸೇರಿಸಿ ಮಾಡಿದ್ದು. ಬೆಲ್ಲದ ನೀರು ಚಿಮುಕಿಸಿ ಕಲಸಿದರೆ ಎರಡು ಮೂರು ದಿನದಲ್ಲಿ ಹೊಂದಿಕೊಳ್ಳುತ್ತದೆ.

ಎಣ್ಣೆಗೂ ಬೈಪಾಸಿಗೂ ಏನು ವ್ಯತ್ಯಾಸ

ಹಸುವಿನ ದೊಡ್ಡ ಹೊಟ್ಟೆ ಎಂದರೆ ಹುಲ್ಲು ಕೊಳೆಸುವ ತೊಟ್ಟಿ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಾಣುಗಳು ನಾರನ್ನು ಒಡೆದು ಹಸುವಿಗೆ ಉಣಬಡಿಸುತ್ತವೆ. ಬಿಡಿ ಎಣ್ಣೆ ಸುರಿದರೆ ಹುಲ್ಲಿಗೂ ಎಣ್ಣೆ ಲೇಪ, ಸೂಕ್ಷ್ಮಾಣುಗಳಿಗೂ ವಿಷ. ಎಣ್ಣೆ ಹಚ್ಚಿದ ಎಲೆಯ ಮೇಲೆ ನೀರು ನಿಲ್ಲುತ್ತದೆಯೇ, ಹಾಗೆ. ಅದರಲ್ಲೂ ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲಕ್ಕೆ ಈ ಜೀವಿಗಳನ್ನು ಕೊಲ್ಲುವ ಗುಣ ಹೆಚ್ಚು. ನಾರು ಕರಗದಿದ್ದರೆ ಹಾಲಿನ ಫ್ಯಾಟ್ ತಯಾರಾಗಲು ಬೇಕಾದ ಆಮ್ಲವೂ ಕಡಿಮೆ. ಡೈರಿಯಲ್ಲಿ ನನಗೆ ಮಂಗಳಾರತಿಯಾದದ್ದು ಹಾಗೆ.

ಬೈಪಾಸ್ ಫ್ಯಾಟ್ ಈ ತೊಟ್ಟಿಯಲ್ಲಿ ಕರಗದೆ ಮುಂದಕ್ಕೆ ಹೋಗುತ್ತದೆ. ನಾಲ್ಕನೆಯ ಹೊಟ್ಟೆಯ ಗಟ್ಟಿ ಹುಳಿಗೆ ಸಿಕ್ಕಾಗ ಮಾತ್ರ ಸುಣ್ಣ ಬೇರೆ, ಕೊಬ್ಬು ಬೇರೆಯಾಗುತ್ತದೆ. ಹುಳಿಗೆ ಬಿಡಿಸಿಕೊಳ್ಳುವ ವಸ್ತುವಾದ್ದರಿಂದ ಹುಳಿ ಬಂದ ಕಲಗಚ್ಚಿನಲ್ಲಿ ಅದನ್ನು ರಾತ್ರಿಯಿಡೀ ನೆನೆಸಿಡಬೇಡಿ, ಬಿಸಿ ಅಂಬಲಿಗೂ ಹಾಕಬೇಡಿ. ಒಣ ಹಿಂಡಿಯಲ್ಲಿ ಕಲಸಿ ಆಗಲೇ ತಿನ್ನಿಸಿ. ಅನ್ನ, ಹಿಟ್ಟು ಹೆಚ್ಚಾಗಿ ಹಸುವಿನ ಹೊಟ್ಟೆಯೇ ಹುಳಿಯಾಗಿದ್ದರೆ ಬೈಪಾಸ್ ಫ್ಯಾಟ್ ಅಲ್ಲೇ ಒಡೆದುಹೋಗುತ್ತದೆ. ಮದುವೆ ಮನೆಯಲ್ಲಿ ಮಿಕ್ಕಿದ ಅನ್ನವನ್ನೂ ಸುರಿದು ಬೈಪಾಸ್ ಫ್ಯಾಟನ್ನೂ ಕೊಡುವವರು ದುಡ್ಡನ್ನು ಸಗಣಿಗೆ ಹಾಕಿದಂತೆ.

ಎಷ್ಟು ಕೊಡಬೇಕು

ಇದೊಂದು ಲೆಕ್ಕ ಕಾಗದದ ಮೇಲೆ ಮಾಡಿಕೊಳ್ಳಿ. ಗೌರಿಯ ತೂಕ ಸುಮಾರು 430 ಕಿಲೋ. ತೂಕದ ನೂರಕ್ಕೆ ಮೂರರಂತೆ ದಿನಕ್ಕೆ ಅದು ತಿನ್ನುವ ಒಣ ಪದಾರ್ಥ 13 ಕಿಲೋ. ಹಸಿ ಹುಲ್ಲಿನ ನೀರನ್ನು ಕಳೆದು ಉಳಿಯುವುದು ಎಂದು ಅರ್ಥ. ನಮ್ಮ ಮಾಮೂಲಿ ಹುಲ್ಲು, ಬೂಸಾ, ಹಿಂಡಿಯಲ್ಲಿ ನೂರಕ್ಕೆ ಮೂರರಷ್ಟು ಕೊಬ್ಬು ಹೇಗೂ ಇರುತ್ತದೆ, ಅಂದರೆ 400 ಗ್ರಾಂ ಹತ್ತಿರ. ಒಟ್ಟು ನೂರಕ್ಕೆ ಆರನ್ನು ದಾಟಬಾರದು ಎಂದರೆ 780 ಗ್ರಾಂ ಮೇಲ್ಮಿತಿ. ನಮ್ಮ ಕೈಯಲ್ಲಿ ಉಳಿಯುವ ಜಾಗ 380 ಗ್ರಾಂ ಮಾತ್ರ. ನಾನು ಸುರಿದ ಅರ್ಧ ಲೀಟರ್ ಎಣ್ಣೆ 460 ಗ್ರಾಂ, ಅದೂ ಒಂದೇ ಹೊತ್ತಿಗೆ, ಬಿಡಿಯಾಗಿ.

ಈಗ ನಾನು ಕೊಡುವುದು ಒಂದು ಕಿಲೋ ಹತ್ತಿಕಾಳು ಮತ್ತು 150 ಗ್ರಾಂ ಬೈಪಾಸ್ ಫ್ಯಾಟ್. ಹತ್ತಿಕಾಳಿನಲ್ಲಿ ನೂರಕ್ಕೆ 18ರಿಂದ 20 ಎಣ್ಣೆ, ಆದ್ದರಿಂದ ಅದರಿಂದ 200 ಗ್ರಾಂ ಹತ್ತಿರ. ಬೈಪಾಸಿನಿಂದ 125 ಗ್ರಾಂ. ಎರಡೂ ಸೇರಿ 325. ಮಿತಿಯೊಳಗಿದೆ. ಎರಡು ಹೊತ್ತಿಗೆ ಹಂಚುತ್ತೇನೆ.

ಹತ್ತಿಕಾಳು ನನಗೆ ಬಲು ಇಷ್ಟ. ಎಣ್ಣೆ ಕಾಳಿನೊಳಗೆ ಅವಿತಿರುತ್ತದೆ, ಹಸು ಮೆಲುಕು ಹಾಕಿದಂತೆ ನಿಧಾನವಾಗಿ ಬಿಡುತ್ತದೆ, ಹೊರಗಿನ ಅರಳೆಯ ನಾರು ಹೊಟ್ಟೆಗೆ ಒಳ್ಳೆಯದು, ಪ್ರೋಟೀನೂ ನೂರಕ್ಕೆ 20 ದಾಟುತ್ತದೆ. ನಮ್ಮ ಕಡೆ ಹತ್ತಿ ಬೆಳೆಯುವುದಿಲ್ಲ. ಹಾವೇರಿ ಕಡೆಯಿಂದ ಬರುವ ಲಾರಿಗಾಗಿ ಕಾಯಬೇಕು. ಅದರಲ್ಲಿ ಗಾಸಿಪಾಲ್ ಎಂಬ ವಿಷದ ಅಂಶವಿದೆ. ದೊಡ್ಡ ಹಸು ಎರಡು ಕಿಲೋವರೆಗೆ ತಡೆದುಕೊಳ್ಳುತ್ತದೆ, ಎಳೆಗರುವಿಗೆ ಒಂದು ಹಿಡಿಯೂ ಬೇಡ, ಬೀಜದ ಹೋರಿಗೂ ಬೇಡ. ಮೂಟೆ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ಹಾಗೆಯೇ ಹಿಂದಕ್ಕೆ ಕಳಿಸಿ. ಕಡಲೆಕಾಯಿ ಹಿಂಡಿಗೂ ಅದೇ ಮಾತು. ಅದರ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಹಿಂಡಿ ಕೊಳ್ಳುವಾಗ ಗಾಣದ್ದೋ ಮಿಲ್ಲಿನದ್ದೋ ಕೇಳಿ. ಗಾಣದ ಹಿಂಡಿಯಲ್ಲಿ ನೂರಕ್ಕೆ ಏಳೆಂಟು ಎಣ್ಣೆ ಉಳಿದಿರುತ್ತದೆ, ಮುರಿದಾಗ ಬೆರಳಿಗೆ ಜಿಡ್ಡು ಹತ್ತುತ್ತದೆ. ರಾಸಾಯನಿಕದಿಂದ ಎಣ್ಣೆ ತೆಗೆದ ಹಿಂಡಿಯಲ್ಲಿ ಒಂದೆರಡು ಉಳಿದರೆ ಹೆಚ್ಚು. ನಮ್ಮೂರಿನ ಕೊಬ್ಬರಿ ಹಿಂಡಿಯನ್ನು ದಿನಕ್ಕೆ ಒಂದು ಕಿಲೋ ಒಳಗೆ ಈಗಲೂ ಹಾಕುತ್ತೇನೆ, ಆದರೆ ಹಾಕಿದ ದಿನ ಹತ್ತಿಕಾಳನ್ನು ಅರ್ಧ ಮಾಡುತ್ತೇನೆ.

ಕೊಬ್ಬು ಕೊಟ್ಟೆವೆಂದು ಉಳಿದದ್ದನ್ನು ಮರೆಯಬಾರದು. ಹಸುವಿನ ಮೈಗೆ ಒಂದೂವರೆ ಕಿಲೋ, ಆಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ. 12 ಲೀಟರ್ ಹಸುವಿಗೆ ಆರು ಕಿಲೋ ದಾಟುತ್ತದೆ. ಕರು ಹಾಕಿದ ಮರುದಿನವೇ ಅಷ್ಟನ್ನೂ ಸುರಿಯದೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋ ಏರಿಸಿ. ಖನಿಜ ಮಿಶ್ರಣ ತಪ್ಪಿಸಬೇಡಿ, ಉಪ್ಪು ಮರೆಯಬೇಡಿ. ನೀರು ಹಗಲು ರಾತ್ರಿ ಬಾನಿಯಲ್ಲಿರಲಿ.

ಇನ್ನೊಂದು ಮೋಸ ಹೇಳುತ್ತೇನೆ. ಬೈಪಾಸ್ ಫ್ಯಾಟ್ ಶುರುಮಾಡಿದ ವಾರಕ್ಕೆ ಹಾಲು ಒಂದು ಲೀಟರ್ ಏರಿತು, ಮನೆಯವರಿಗೆಲ್ಲ ಖುಷಿ. ನಾನು ಕ್ಯಾಲೆಂಡರ್ ನೋಡಿದರೆ ಬೆನ್ನಿನ ಅಂಕ ಅಲ್ಲೇ ನಿಂತಿದೆ. ಕೊಟ್ಟದ್ದೆಲ್ಲ ಹಾಲಾಗಿ ಹೋಗಿತ್ತು. ಕೊಬ್ಬು ಬೆನ್ನಿಗೆ ಹೋಗುವ ಮುನ್ನ ಕೆಚ್ಚಲಿಗೆ ಹೋಗುತ್ತದೆ. ಏರಿದ ಒಂದು ಲೀಟರಿಗೂ 400 ಗ್ರಾಂ ಆಹಾರ ಸೇರಿಸಿದ ಮೇಲೆಯೇ ಬೆನ್ನು ಮಾತು ಕೇಳಿದ್ದು.

ಲಚ್ಚಿಯ ಕಥೆಯೇ ಬೇರೆ

ಮೇಲೆ ಹೇಳಿದ್ದೆಲ್ಲ ಹಾಲು ಕರೆಯುವ ಸೀಮೆ ಹಸುವಿನ ಮಾತು. ನಮ್ಮಲ್ಲಿ ಲಚ್ಚಿ ಎಂಬ ಹಳ್ಳಿಕಾರ್ ಹಸುವೂ ಇದೆ. ಅದರ ಹಾಲು ಕರೆಯುವುದು ಹೆಸರಿಗೆ, ಕರುವೇ ಕುಡಿಯುತ್ತದೆ. ದಿನಕ್ಕೆ ಎರಡು ಲೀಟರ್ ಕೊಡುವ ಹಸುವಿನ ಮೈ ಕರಗುವುದಕ್ಕೆ ಕಾರಣವೇ ಇಲ್ಲ. ಆದರೂ ಕರು ಹಾಕಿ ಎಂಟು ತಿಂಗಳಾದರೂ ಬೆದೆ ಇಲ್ಲ. ಗೌರಿಗೆ ಕೊಟ್ಟು ಮಿಕ್ಕ ಬೈಪಾಸ್ ಫ್ಯಾಟನ್ನು ಅದಕ್ಕೂ ಒಂದು ತಿಂಗಳು ಕೊಟ್ಟೆ. ಮೈ ಮಾತ್ರ ಕನ್ನಡಿಯಂತೆ ಹೊಳೆಯಿತು.

ಕಾರಣ ಕರು. ತಾಯಿಯ ಪಕ್ಕದಲ್ಲೇ ಇದ್ದು ಬೇಕೆಂದಾಗಲೆಲ್ಲ ಮೊಲೆಗೆ ಬಾಯಿ ಹಾಕುವ ಕರು ತಾಯಿಯ ಬೆದೆಯನ್ನು ತಡೆದಿಡುತ್ತದೆ. ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ಹಸುಗಳದ್ದೂ ಇದೇ ತೊಂದರೆ, ಆ ಹಸುಗಳ ಹಾಲನ್ನು ಯಾರೂ ಕರೆಯುವುದೇ ಇಲ್ಲ. ಬೆದೆ ಬರಿಸಲು ಅವರು ಕರುಗಳನ್ನು 48 ಗಂಟೆ ಬೇರೆ ಮಾಡುವುದುಂಟು. ನಾನು ಅಷ್ಟು ಕಲ್ಲು ಮನಸ್ಸಿನವಳಲ್ಲ. ಕರುವನ್ನು ತಾಯಿಯ ಕಣ್ಣಿಗೆ ಬೀಳದಂತೆ ಮನೆಯ ಹಿಂಭಾಗಕ್ಕೆ ಕಟ್ಟಿ, ಬೆಳಿಗ್ಗೆ ಸಂಜೆ ಎರಡು ಸಲ ಮಾತ್ರ ಹೊಟ್ಟೆ ತುಂಬ ಕುಡಿಯಲು ಬಿಟ್ಟೆ. ಮೊದಲ ಎರಡು ರಾತ್ರಿ ತಾಯಿ ಮಗು ಇಬ್ಬರೂ ಕೂಗಿ ನಮಗೆ ನಿದ್ದೆಯಿಲ್ಲ. ಐದನೆಯ ವಾರಕ್ಕೆ ಲಚ್ಚಿ ಬೆದೆಗೆ ಬಂತು.

ಬೇಸಿಗೆಯಲ್ಲಿ ಬರೀ ಒಣ ಹುಲ್ಲು ತಿನ್ನುವ ನಾಟಿ ಹಸುವಿಗೆ ಮೊದಲ ಕೊರತೆ ಕೊಬ್ಬಿನದ್ದಲ್ಲ, ಪ್ರೋಟೀನಿನದ್ದು. ರಾಗಿ ಹುಲ್ಲಿನಲ್ಲಿ ಅದು ನೂರಕ್ಕೆ ಮೂರು ನಾಲ್ಕು. ಹೊಟ್ಟೆಯ ಸೂಕ್ಷ್ಮಾಣುಗಳು ಬದುಕಲು ಏಳಾದರೂ ಬೇಕು. ಅಂಥ ಹಸುವಿಗೆ ಬೈಪಾಸ್ ಫ್ಯಾಟಿನ ಬದಲು ಒಂದು ಕಿಲೋ ಹತ್ತಿಕಾಳು ಅಥವಾ ಹುಚ್ಚೆಳ್ಳಿನ ಹಿಂಡಿ, ಒಂದು ತೆಕ್ಕೆ ಕುದುರೆ ಮೆಂತ್ಯ ಹಾಕಿ. ಎಣ್ಣೆ ಬೀಜ ತಿಂದು ಹಸು ಸುಧಾರಿಸಿತು ಎಂದು ಹೇಳುವವರಲ್ಲಿ ಅನೇಕರ ಹಸುಗಳು ಸುಧಾರಿಸಿದ್ದು ಬೀಜದ ಪ್ರೋಟೀನಿನಿಂದ ಎಂದೇ ನನ್ನ ಅನುಮಾನ.

ಬೀಜದ ಎಣ್ಣೆಗೆ ಇನ್ನೊಂದು ಮುಖವೂ ಇದೆ. ಹುಚ್ಚೆಳ್ಳು, ಕುಸುಬೆ, ಸೂರ್ಯಕಾಂತಿ, ಹತ್ತಿಕಾಳುಗಳ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚು. ಅದರಿಂದ ಮೈಯಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ಹಾರ್ಮೋನಿನಂಥ ವಸ್ತು ತಯಾರಾಗುತ್ತದೆ. ಬೆದೆ ಬರಿಸಲು ವೈದ್ಯರು ಚುಚ್ಚುವ ಔಷಧಿಯೂ ಇದೇ ವಸ್ತು. ಕರು ಹಾಕಿದ ಹೊಸತರಲ್ಲಿ ಗರ್ಭಕೋಶ ಕುಗ್ಗಲು ಅದು ನೆರವಾಗುತ್ತದೆ. ಗಬ್ಬ ನಿಲ್ಲುವ ಹೊತ್ತಿನಲ್ಲಿ ಅದೇ ಹೆಚ್ಚಾದರೆ ಭ್ರೂಣಕ್ಕೆ ಆಸರೆಯಾದ ಗ್ರಂಥಿಯನ್ನೇ ಕರಗಿಸಬಹುದು. ಅಮೆರಿಕದ ವ್ಯೋಮಿಂಗ್‌ನಲ್ಲಿ ಕರು ಹಾಕಿದ ಮಾಂಸದ ತಳಿಯ ಹಸುಗಳಿಗೆ ಕುಸುಬೆ ಬೀಜ ತಿನ್ನಿಸಿ ನೋಡಿದಾಗ ರಕ್ತದಲ್ಲಿ ಇದರ ಅಂಶ ಏರಿತೇ ಹೊರತು ಮೊದಲ ಇಂಜೆಕ್ಷನ್ನಿಗೇ ಗಬ್ಬ ಕಟ್ಟುವುದು ಹೆಚ್ಚಲಿಲ್ಲ ಎಂದು ವೈದ್ಯರು ತಿಳಿಸಿದರು. ಇದನ್ನು ಕೇಳಿದ ಮೇಲೆ ನಾನು ಇಂಜೆಕ್ಷನ್ ಕೊಡಿಸಿದ ದಿನದಿಂದ ಮೂರು ವಾರ ಹತ್ತಿಕಾಳನ್ನು ಅರ್ಧಕ್ಕೆ ಇಳಿಸಿ, ಬೈಪಾಸನ್ನು ಹಾಗೆಯೇ ಮುಂದುವರಿಸುತ್ತೇನೆ. ಇದು ನನ್ನ ಎಚ್ಚರಿಕೆ. ಎಲ್ಲರೂ ಹೀಗೆಯೇ ಮಾಡಬೇಕೆಂದಿಲ್ಲ.

ಬೆದೆ ನೋಡುವುದು

ತಿನ್ನಿಸಿದ್ದಕ್ಕೆ ಫಲ ಬಂದರೂ ನೋಡುವವರು ಇಲ್ಲದಿದ್ದರೆ ಏನು ಬಂತು? ಬೆದೆ ಇರುವುದು 12ರಿಂದ 18 ಗಂಟೆ. ಬೇಸಿಗೆಯಲ್ಲಿ ಇನ್ನೂ ಕಡಿಮೆ, ಅದೂ ರಾತ್ರಿಯ ಹೊತ್ತು, ಕೂಗೂ ಇಲ್ಲ. ಬೆಳಿಗ್ಗೆ ಐದೂವರೆಗೆ ಹಾಲು ಕರೆಯುವ ಮುಂಚೆ ಮತ್ತು ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಕೊಟ್ಟಿಗೆಯಲ್ಲಿ ಸುಮ್ಮನೆ ನಿಲ್ಲಿ. ಮೊಬೈಲ್ ಒಳಗೇ ಇರಲಿ. ಮಲಗಿದ್ದ ಹಸು ಎದ್ದಾಗ ನೆಲದ ಮೇಲೆ, ಬಾಲದ ಕೂದಲಿನಲ್ಲಿ ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ಕಂಡರೆ ಅದೇ ಬೆದೆ. ಲೋಳೆಯಲ್ಲಿ ಕೀವಿನ ಎಳೆ ಇದ್ದರೆ ಗರ್ಭಕೋಶದಲ್ಲಿ ನಂಜಿದೆ, ಇಂಜೆಕ್ಷನ್ ಬೇಡ, ವೈದ್ಯರು ಬೇಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಬಾಲಕ್ಕೆ ರಕ್ತ ಅಂಟಿದ್ದು ಕಂಡರೆ ಬೆದೆ ಎರಡು ದಿನ ಮುಂಚೆಯೇ ಬಂದು ಹೋಗಿದೆ. ಗಾಬರಿಯಾಗದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹದಿನೇಳನೆಯ ದಿನದಿಂದ ಕಾದು ಕುಳಿತುಕೊಳ್ಳಿ.

45 ದಿನಕ್ಕೆ ಮುಂಚೆ ಬಂದ ಬೆದೆಯನ್ನು ಬರೆದಿಟ್ಟು ಬಿಟ್ಟುಬಿಡುತ್ತೇನೆ. 60 ದಿನವಾದರೂ ಏನೂ ಕಾಣದಿದ್ದರೆ ಪಶುವೈದ್ಯರನ್ನು ಕರೆಸಿ ಗರ್ಭಕೋಶ ಮುಟ್ಟಿಸಿ ನೋಡಿಸಿ. ಆಗ ಬೈಪಾಸ್ ಫ್ಯಾಟನ್ನು 150ರಿಂದ 300ಕ್ಕೆ ಏರಿಸುವವರಿದ್ದಾರೆ. ಪಶು ಆಹಾರ ಮಾರುವ ಒಬ್ಬರು ನನಗೂ ಹಾಗೆಯೇ ಹೇಳಿ ಇನ್ನೊಂದು ಮೂಟೆ ಕೊಡಲು ಬಂದಿದ್ದರು. ನಂಜು, ಅಂಡಾಶಯದ ನೀರುಗುಳ್ಳೆ, ರಂಜಕದ ಕೊರತೆ, ಹೊಟ್ಟೆಹುಳು ಇವುಗಳಲ್ಲಿ ಒಂದೂ ಕೊಬ್ಬಿಗೆ ಬಗ್ಗುವುದಿಲ್ಲ.

ನಿಲ್ಲಿಸುವುದೂ ಒಂದು ಕೆಲಸವೇ. 90 ದಿನಕ್ಕೆ ಹಸು ಮೇವನ್ನು ಪೂರ್ತಿ ತಿನ್ನುತ್ತಿರುತ್ತದೆ, ಬೆನ್ನಿನ ಅಂಕವೂ ಮೇಲೆ ತಿರುಗಿರುತ್ತದೆ. ಒಂದು ವಾರದಲ್ಲಿ 150ರಿಂದ 100, 50 ಎಂದು ಇಳಿಸಿ ಬಿಡಿಸುತ್ತೇನೆ.

ಗೌರಿ ಈ ಸಲ ಕರು ಹಾಕುವಾಗ 3.25 ಇತ್ತು, ಆರನೆಯ ವಾರಕ್ಕೆ 2.75. ಮೊದಲ ಬೆದೆ 39ನೆಯ ದಿನ, ಬಿಟ್ಟೆ. 60ಕ್ಕೆ ಇಂಜೆಕ್ಷನ್ ಕೊಡಿಸಿದೆ, ನಿಲ್ಲಲಿಲ್ಲ. 81ಕ್ಕೆ ಮತ್ತೆ ಕೊಡಿಸಿದೆ. ಮೊನ್ನೆ ವೈದ್ಯರು ಕೈ ಹಾಕಿ ನೋಡಿ ಎರಡು ತಿಂಗಳು ತುಂಬಿದೆ ಎಂದರು. ಅತ್ತೆ ಕೊಟ್ಟಿಗೆಯ ಬಾಗಿಲಿನಲ್ಲೇ ನಿಂತಿದ್ದರು, "ಅಂದು ಕುಡಿಸಿದ ಎಣ್ಣೆ ಈಗ ಕೆಲಸ ಮಾಡಿತು ನೋಡು" ಎಂದರು. ಮೂಟೆಯ ತಳದಲ್ಲಿ ಉಳಿದ ಬೈಪಾಸ್ ಫ್ಯಾಟನ್ನು ಮುಚ್ಚಳದ ಡಬ್ಬಕ್ಕೆ ತುಂಬಿ ಅಟ್ಟದ ಮೇಲೆ ಇಟ್ಟಿದ್ದೇನೆ. ನಮ್ಮ ಇನ್ನೊಂದು ಹಸು ಕಾಳಿ ಮಾಘದಲ್ಲಿ ಕರು ಹಾಕುತ್ತದೆ. ಈಗಿನ ಅಂಕ 2.75, ಇನ್ನೂ ನಾಲ್ಕು ತಿಂಗಳಿದೆ.